ಐದನೆಯ ಕವಿತೆಯ ಧಾಟಿ

ಎಂಟು ಕವಿತೆಗಳ ಕಟ್ಟು ನನ್ನ ಕೈಗೆ ಬಂದಾಗ ನನ್ನ ಗಂಡ ತೀರಿಕೊಂಡು ಹತ್ತು ತಿಂಗಳಾಗಿತ್ತು. ಬರೆದವರು ಗದಗಿನ ಒಬ್ಬ ನಿವೃತ್ತ ಪ್ರಾಚಾರ್ಯರು. ಅವರ ಹೆಂಡತಿಯೂ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಹೆಂಡತಿಯ ನೆನಪಿನ ಕವಿತೆಗಳನ್ನೆಲ್ಲ ಪುಸ್ತಕ ಮಾಡಿಸುತ್ತಿದ್ದರು. ಬಿಡುಗಡೆಯ ದಿನ ಎಂಟನ್ನು ಹಾಡಿಸಬೇಕು, ಮೊದಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೂ ಹಾಕಬೇಕು ಎಂದು ಅವರ ಆಸೆ. ಧಾಟಿ ಕೂಡಿಸುವ ಕೆಲಸಕ್ಕೆ ಮುಂಡರಗಿಗೆ ಬಂದು ನನ್ನನ್ನು ಕೇಳಿದರು. ನಾನು ಅಲ್ಲಿಯ ಒಂದು ಸಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತೇನೆ.

"ದುಃಖ ಉಂಡವರೇ ದುಃಖಕ್ಕ ಧಾಟಿ ಹಾಕಬೇಕ್ರಿ ಟೀಚರ್. ಅದಕ್ಕ ನಿಮ್ಮನ್ನ ಆರಿಸೇನಿ" ಎಂದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಆರಿಸಿದ ಹಾಗೆ ಅನ್ನಿಸಿತು. ಆದರೂ ಒಪ್ಪಿಕೊಂಡೆ. ಖರೆ ಹೇಳಬೇಕೆಂದರೆ, ಆರಿಸಿದರಲ್ಲ ಎಂದು ಒಳಗೆ ಹಿಗ್ಗೂ ಆಗಿತ್ತು.

ಧಾಟಿ ಕೂಡಿಸುವುದು ಹೊರಗಿನವರು ತಿಳಿದಷ್ಟು ದೊಡ್ಡ ಸಂಗತಿಯಲ್ಲ. ಮೊದಲು ಹಾರ್ಮೋನಿಯಂ ಮುಟ್ಟಬಾರದು. ಕವಿತೆಯನ್ನು ಬಾಯಿಬಿಟ್ಟು ಹತ್ತಾರು ಸಲ ಓದಬೇಕು. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನ ಗೆರೆ. ಯಾವ ಶಬ್ದದ ಮೇಲೆ ಭಾರ ಬೀಳುತ್ತದೋ ಅದರ ಕೆಳಗೆ ಚುಕ್ಕೆ. ಸಾಲಿನ ನಡಿಗೆ ಆರು ಮಾತ್ರೆಗೆ ಕೂಡುತ್ತದೋ, ಏಳಕ್ಕೋ, ಎಂಟಕ್ಕೋ ಎಂದು ತೊಡೆಯ ಮೇಲೆ ಕೈ ಬಡಿದು ನೋಡಬೇಕು. ದಾದ್ರಾನೋ ರೂಪಕವೋ ಕೇರವಾನೋ ಆಗ ತಾನೇ ಗೊತ್ತಾಗುತ್ತದೆ. ಸ್ವರ ಹುಡುಕುವುದು ಎಲ್ಲಕ್ಕಿಂತ ಕೊನೆಗೆ. ಮೊದಲೆಲ್ಲ ನಾನು ಓದುತ್ತಿದ್ದೆ, ತಾಳ ಬಡಿದು ನೋಡುವವನು ನನ್ನ ಗಂಡ. ಅವನು ಮೃದಂಗದಂಥ ಪಖವಾಜ ಬಾರಿಸುತ್ತಿದ್ದ. ಈಗ ಓದುವುದೂ ಬಡಿಯುವುದೂ ನಾನೇ.

ಮೊದಲ ನಾಲ್ಕು ಕವಿತೆಗಳಲ್ಲಿ ಚುಕ್ಕೆ ಇಡುವುದಕ್ಕೆ ಶಬ್ದವೇ ಸಿಗಲಿಲ್ಲ. ವಿರಹದ ಜ್ವಾಲೆ, ಕಂಬನಿಯ ಕಡಲು, ಬದುಕಿನ ಬರಿದು ಬಾನು. ನಾಲ್ಕು ಕವಿತೆಗಳಲ್ಲಿ ಚಂದ್ರ ಆರು ಸಲ ಬಂದಿದ್ದ, ಆ ತಾಯಿ ಒಮ್ಮೆಯೂ ಬಂದಿರಲಿಲ್ಲ. ಆಕೆ ಕಪ್ಪಗಿದ್ದಳೋ ಕೆಂಪಗಿದ್ದಳೋ, ಏನು ಇಷ್ಟಪಟ್ಟು ಉಣ್ಣುತ್ತಿದ್ದಳೋ, ಯಾವುದಕ್ಕೆ ಸಿಟ್ಟು ಮಾಡುತ್ತಿದ್ದಳೋ ಒಂದು ಸಾಲಿನಲ್ಲೂ ಇಲ್ಲ. ಹೇಗೋ ಎರಡಕ್ಕೆ ದಾದ್ರಾ, ಎರಡಕ್ಕೆ ಕೇರವಾ ಕೂಡಿಸಿದೆ. ರಾಗದ ಮಾತು ಬಂದಾಗ ಕವಿಗಳು ಶಿವರಂಜನಿ ಬಿಟ್ಟು ಬೇರೆ ಒಪ್ಪಲಿಲ್ಲ. "ಮಂದಿ ಅಳಬೇಕಂದ್ರ ಅದ ಬೇಕ್ರಿ" ಎಂದರು.

ರೆಕಾರ್ಡಿಂಗ್ ಬೆಟಗೇರಿಯಲ್ಲಿ, ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಖೋಲಿಯಲ್ಲಿ. ಸ್ಟುಡಿಯೋ ಎಂದು ಬೋರ್ಡಿತ್ತು. ಕೆಳಗೆ ಯಂತ್ರ ತಿರುಗಿದರೆ ಮೇಲೆ ನೆಲ ನಡುಗುತ್ತಿತ್ತು, ಹಾಗಾಗಿ ಪ್ರೆಸ್ಸಿನವರು ಊಟಕ್ಕೆ ಎದ್ದಾಗಷ್ಟೇ ನಾವು ಹಾಡಬೇಕು. ಸ್ಟುಡಿಯೋದ ಮಾಲೀಕ ಐವತ್ತು ದಾಟಿದ ಮನುಷ್ಯ, ಹಿಂದೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುತ್ತಿದ್ದವನು. ದಾರಿ ತೋರಿಸುವುದಕ್ಕೆ ನಾನು ಒಮ್ಮೆ ಹಾಡಿ ಇಡುವುದು, ಅದನ್ನು ಕೇಳಿ ಗದಗಿನ ಗಾಯಕಿ ಕಲಿಯುವುದು ಎಂದು ಏರ್ಪಾಡಾಗಿತ್ತು.

ಎರಡನೆಯ ಹಾಡಿನ ನಡುವೆ ಕವಿಗಳು ಕೈ ಎತ್ತಿ ನಿಲ್ಲಿಸಿದರು.

"ಇಲ್ಲಿ ಒಂದು ಬಿಕ್ಕು ಬರ್ಲಿ ಟೀಚರ್. ಹಾಡ್ತ ಹಾಡ್ತ ಬಿಕ್ಕಬೇಕು. ಕೇಳಾವ್ರ ಎದಿ ಒಡೀಬೇಕು."

ಮಾಲೀಕ ಕೀಬೋರ್ಡಿನಿಂದ ತಲೆ ಎತ್ತದೆ ಕೇಳಿದ. "ಬಿಕ್ಕು ಎಷ್ಟನೇ ಮಾತ್ರಾಕ್ಕ ಹಾಕೂಣ್ರಿ ಸರ್? ಮೂರಕ್ಕೋ ಐದಕ್ಕೋ?"

"ಐದಕ್ಕ ಇರ್ಲಿ. ನನ್ನ ಮುಂದ ಒಮ್ಮಿ ಬಿಕ್ಕಿ ತೋರಸ್ರಿ ಟೀಚರ್."

ನೀರು ಕುಡಿದು ಬರುತ್ತೇನೆಂದು ಕೆಳಗಿಳಿದೆ. ಪ್ರೆಸ್ಸಿನಲ್ಲಿ ಅದೇ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಅಚ್ಚಾಗಿ ಒಣಗಲು ಇಟ್ಟಿತ್ತು. ಶಾಲು ಹೊದ್ದ ಕವಿಗಳ ಫೋಟೊ ಅಂಗೈ ಅಗಲ, ಹೆಂಡತಿಯದು ಅಂಚೆಚೀಟಿಯಷ್ಟು. ಮೇಲೆ ಹೋದೆ. ಐದನೆಯ ಮಾತ್ರೆಗೆ ಬಿಕ್ಕಿದೆ. "ಹಾಂ, ಹಿಂಗ!" ಎಂದು ಅವರು ಚಪ್ಪಾಳೆ ತಟ್ಟಿದರು. ಆ ದಿನ ಮನೆಗೆ ಬಂದು ಎರಡು ಸಲ ಬಾಯಿ ಮುಕ್ಕಳಿಸಿದೆ.

ಹೀಗಿರುವಾಗ ಐದನೆಯ ಕವಿತೆ ತೆಗೆದೆ. ಮೊದಲ ಓದಿಗೇ ಬೆನ್ನು ನೆಟ್ಟಗಾಯಿತು.

ನಾದಿದ ಹಿಟ್ಟಿನ್ನೂ ಕೈಯಲ್ಲಿ ಆರಿಲ್ಲ
ಮಿಸುಕದೆ ಹೇಗೆ ಮಲಗಿರುವೆ ಒಲವೇ
ಕರೆಯಬಂದವರು ಬಾಗಿಲಲಿ ನಿಂತರು
ಯಾವ ತಾಳ ಹಿಡಿದು ಹೊರಟೆ ಹೇಳೇ

ಚಂದ್ರ ಇಲ್ಲ, ಕಡಲು ಇಲ್ಲ. ಹಿಟ್ಟು, ಕೈ, ಬಾಗಿಲು. ಅಡಿಗೆಮನೆಯಲ್ಲಿ ಚಪಾತಿಗೆ ಹಿಟ್ಟು ನಾದುತ್ತ ಕುಸಿದ ಹೆಂಗಸು ನನ್ನ ಕಣ್ಣಿಗೆ ಕಟ್ಟಿದಳು. ಈ ಮನುಷ್ಯನೂ ಒಮ್ಮೆಯಾದರೂ ಖರೆ ಅತ್ತಿದ್ದಾನೆ ಅನ್ನಿಸಿ ಅವರ ಮೇಲಿನ ಜಿಗುಪ್ಸೆ ಅರ್ಧ ಇಳಿಯಿತು. ಹತ್ತು ಸಲ ಓದಲಿಲ್ಲ, ಪೆನ್ಸಿಲ್ ಹಿಡಿಯಲಿಲ್ಲ. ಹಾರ್ಮೋನಿಯಂ ಎಳೆದುಕೊಂಡು ಕುಳಿತವಳು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಇಡೀ ಹಾಡಿಗೆ ನಾಲ್ಕೇ ಸ್ವರ. ಕೆಳಗಿನ ಕೋಮಲ ನಿಷಾದದಿಂದ ಏಳುತ್ತದೆ, ಸಾಲಿನ ಕೊನೆಯ ಶಬ್ದಕ್ಕೆ ಕೋಮಲ ಗಾಂಧಾರದ ತನಕ ಹತ್ತಿ ಅಲ್ಲಿ ಮುರಿದು, ಷಡ್ಜಕ್ಕೆ ಜಾರಿ ಬೀಳುತ್ತದೆ. ತಾಳಕ್ಕೆ ಕೂಡಲಿಲ್ಲ, ಕೂಡಿಸಲೂ ಇಲ್ಲ. ಇಷ್ಟು ವರ್ಷ ಮಾಡಿದ್ದರಲ್ಲಿ ಇದೊಂದೇ ನನ್ನದು ಎಂದು ಅಂದುಕೊಂಡೆ. ಆ ದಿನ ರೊಟ್ಟಿ ಎರಡು ಹೆಚ್ಚೇ ಉಂಡೆ.

ಬೆಟಗೇರಿಯಲ್ಲಿ ಬರೀ ಹಾರ್ಮೋನಿಯಂ ಹಿಡಿದು ಹಾಡಿದೆ. ಬಿಕ್ಕು ಕೇಳುವುದನ್ನು ಕವಿಗಳು ಮರೆತರು. ಮಾಲೀಕ ಕಿವಿಯ ಹೆಡ್‌ಫೋನ್ ತೆಗೆದು, "ಇದಕ್ಕ ನಾ ಏನೂ ಬಾರಸಂಗಿಲ್ರಿ. ಹಿಂಗ ಇರ್ಲಿ" ಎಂದ.

ಒಂದೇ ತೊಡಕು. ನಾಲ್ಕನೆಯ ಸಾಲಿನಲ್ಲಿ ಭಾರವೆಲ್ಲ 'ತಾಳ' ಎಂಬ ಶಬ್ದದ ಮೇಲೆ ಬೀಳುತ್ತಿತ್ತು. ಯಾಕೆಂದು ತಿಳಿಯದೆ ಅಲ್ಲಿ ಎಷ್ಟು ನಿಲ್ಲಬೇಕು ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಗಾಯಕಿಗೆ ಕಲಿಸುವ ಮೊದಲು ಕೇಳಿಬಿಡೋಣವೆಂದು ಕೇಳಿದೆ.

"ಅಮ್ಮಾರು ಹಾಡ್ತಿದ್ರೇನ್ರಿ ಸರ್? ಭಜನಿಗಿ ಹೋಗ್ತಿದ್ರಾ?"

"ಎಲ್ಲೀದ ತಗೀರಿ! ಆಕಿಗೆ ಹಾಡಂದ್ರ ತಲಿನೋವು. ನಾ ರೇಡಿಯೋ ಹಚ್ಚಿದ್ರ ಬಂದು ಬಂದ್ ಮಾಡಾಕಿ."

"ಮತ್ತ ಇಲ್ಲಿ ತಾಳ ಯಾಕ ಬಂತ್ರಿ?"

"ಕಾವ್ಯ ಅದು. ಬಂತು, ಬರದೆ. ನೀವ ಹೇಳಿದ್ರಲ್ಲ..."

ಅಲ್ಲಿಗೆ ನಿಂತರು. ಕನ್ನಡಕ ತೆಗೆದು ಒರೆಸಿದರು.

"ನಾ ಏನ್ ಹೇಳಿದೆ ಸರ್?"

"ಏನಿಲ್ಲ ಬಿಡ್ರಿ. ಚಹಾ ತರಸೂಣು."

ಚಹಾ ಕುಡಿಯದೆ ಮುಂಡರಗಿಯ ಬಸ್ಸು ಹತ್ತಿದೆ. ಡಂಬಳ ದಾಟುವ ಹೊತ್ತಿಗೆ ಎಲ್ಲ ನೆನಪಾಯಿತು.

ನನ್ನ ಗಂಡ ತೀರಿಕೊಳ್ಳುವ ಹಿಂದಿನ ದಿನ ಕೊರ್ಲಹಳ್ಳಿಯಲ್ಲಿ ಭಜನೆಗೆ ಬಾರಿಸಿ ಬಂದಿದ್ದ. ಪಖವಾಜದ ಎಡಮುಖಕ್ಕೆ ಗೋಧಿ ಹಿಟ್ಟಿನ ಕಣಕ ಹಚ್ಚುತ್ತಾರೆ. ದನಿ ತುಂಬಿ ಬರುವುದು ಅದರಿಂದ. ಬಾರಿಸುವುದು ಮುಗಿದ ಮೇಲೆ ಅದನ್ನು ಕೆರೆದು ತೆಗೆಯಬೇಕು, ಇಲ್ಲವಾದರೆ ಚರ್ಮ ಕೆಡುತ್ತದೆ. ಅವನು ಎಂದೂ ತಪ್ಪಿಸಿದವನಲ್ಲ. ಆ ದಿನ ಆಯಾಸ ಎಂದು ಹಾಗೇ ಮೂಲೆಯಲ್ಲಿಟ್ಟು ಮಲಗಿದ. ಬೆಳಿಗ್ಗೆ ಚಹಾ ಬಟ್ಟಲು ಕೈಗೆ ಕೊಡುವಷ್ಟರಲ್ಲಿ ಎದೆ ಹಿಡಿದುಕೊಂಡ. ದವಾಖಾನೆಯ ದಾರಿಯಲ್ಲೇ ಹೋದ.

ನಮ್ಮ ರೂಢಿಯಂತೆ ಪಡಸಾಲೆಯಲ್ಲಿ ಅವನನ್ನು ಕೂಡಿಸಿದ್ದರು. ಅವನ ಅಕ್ಕ, ನನ್ನ ನಾದಿನಿ, ಹಿರೇವಡ್ಡಟ್ಟಿಯಿಂದ ಬಂದಳು. ಮೂಲೆಯ ಪಖವಾಜ ನೋಡಿ, ಕಣಕಕ್ಕೆ ಬೆರಳು ಒತ್ತಿದಳು. ಅದು ಇನ್ನೂ ಮೆತ್ತಗಿತ್ತು. ತಮ್ಮನ ಮುಂದೆ ಕುಳಿತು ಹಾಡಿಕೊಂಡು ಅಳತೊಡಗಿದಳು. ನಮ್ಮ ಕಡೆ ಹೆಂಗಸರು ಹಾಗೆಯೇ ಅಳುವುದು. ಸತ್ತವರ ಗುಣ, ಕೆಲಸ, ಬಿಟ್ಟುಹೋದ ವಸ್ತು ಒಂದೊಂದನ್ನೇ ಕರೆದು, ಅವರನ್ನೇ ಪ್ರಶ್ನೆ ಕೇಳಿ ಕೇಳಿ ಅಳುವುದು. ಯಾರೂ ಕಲಿಸುವುದಿಲ್ಲ, ಮಣ್ಣಾದ ಮೇಲೆ ಯಾರೂ ಅದನ್ನು ಮತ್ತೆ ಹೇಳುವುದೂ ಇಲ್ಲ.

"ಎಡಗೈ ಕಣಕ ಇನ್ನಾ ಆರಿಲ್ಲೋ ನನ ತಮ್ಮಾ, ಬಲಗೈ ಮಿಸುಕದ ಹ್ಯಾಂಗ ಕುಂತೀಯೋ, ಕರಿಯಾಕ ಬಂದವರು ಬಾಗಲದಾಗ ನಿಂತಾರೋ, ಯಾವ ತಾಳ ಹಿಡದು ಹೊಂಟೀಯೋ ನನ ತಮ್ಮಾ..."

ನಾನು ಗೋಡೆಗೆ ಒರಗಿ ಕುಳಿತಿದ್ದೆ. ನನಗೆ ಅಳು ಬರಲಿಲ್ಲ. ಕಿವಿಯಲ್ಲಿ ಅರಳೆ ತುರುಕಿದ ಹಾಗಿತ್ತು.

ಐದನೆಯ ದಿನಕ್ಕೆ ಈ ಕವಿಗಳು ಮಾತಾಡಿಸಲು ಬಂದಿದ್ದರು. ಅವರ ಕಾಲೇಜಿನ ಕಾರ್ಯಕ್ರಮಗಳಿಗೆ ನನ್ನ ಗಂಡ ಬಾರಿಸಲು ಹೋಗುತ್ತಿದ್ದ. "ಅಕ್ಕಾರು ಏನಂತ ಅತ್ರು?" ಎಂದು ಮೆಲ್ಲಗೆ ಕೇಳಿದರು. ಅಲ್ಲಿಯ ತನಕ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ, ಎಲ್ಲರೂ ಸಮಾಧಾನವನ್ನೇ ಹೇಳುತ್ತಿದ್ದರು. ಅವಳು ಅತ್ತಿದ್ದೆಲ್ಲ ನನ್ನ ಬಾಯಿಂದ ಸಾಲು ಸಾಲಾಗಿ ಹೊರಬಿತ್ತು. ಅವರು ಕಿಸೆಯಿಂದ ಡೈರಿ ತೆಗೆದರು. ಪುಣ್ಯಸ್ಮರಣೆಯ ದಿನ ಗುರುತು ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅವರು ಎದ್ದು ಹೋದ ಮೇಲೆ ಏನು ಹೇಳಿದೆನೋ ನನಗೇ ನೆನಪಿರಲಿಲ್ಲ.

ಬಸ್ಸಿನ ಕಿಟಕಿಯ ಸರಳು ಹಿಡಿದುಕೊಂಡು ಕುಳಿತೆ. ಪಖವಾಜದ ಹಿಟ್ಟನ್ನು ಕವಿ ಒಯ್ದು ಅಡಿಗೆಮನೆಯಲ್ಲಿಟ್ಟಿದ್ದ. ಕೂತವನನ್ನು ಮಲಗಿಸಿದ್ದ. ತಮ್ಮನನ್ನು ಒಲವೇ ಎಂದು ಮಾಡಿದ್ದ. ತಾಳ ಒಂದನ್ನು ಮುಚ್ಚಿಡಲು ಮರೆತಿದ್ದ. ಮನಸ್ಸಿನಲ್ಲಿ ಬಹುವಚನ ಬಿಟ್ಟುಹೋಗಿತ್ತು.

ಮನೆಗೆ ಬಂದವಳೇ ಹಾರ್ಮೋನಿಯಂ ತೆಗೆದೆ. ನಾನು ಕೂಡಿಸಿದ ಧಾಟಿಗೆ ನಾದಿನಿಯ ಮಾತುಗಳನ್ನು ಇಟ್ಟು ಹಾಡಿದೆ. ಹಿಗ್ಗಲಿಲ್ಲ, ಕುಗ್ಗಲಿಲ್ಲ, ಡಬ್ಬಿಗೆ ಅದರ ಮುಚ್ಚಳ ಕೂತ ಹಾಗೆ ಕೂತಿತು. ಗಾಂಧಾರಕ್ಕೆ ಹತ್ತಿ ಮುರಿಯುವ ಜಾಗ 'ತಮ್ಮಾ' ಎಂಬ ಕೂಗಿನ ಜಾಗ. ಆ ದಿನ ಕಿವಿ ಕೇಳಲಿಲ್ಲ ಎಂದುಕೊಂಡಿದ್ದೆನಲ್ಲ, ಎಲ್ಲ ಕೇಳಿ ಸ್ವರ ಸಮೇತ ಕಟ್ಟಿಟ್ಟಿತ್ತು. ಕವಿ ಮಾತು ಒಯ್ದ, ನಾನು ಧಾಟಿ ಒಯ್ದೆ. ನನ್ನದು ಎಂದು ಎರಡು ರೊಟ್ಟಿ ಹೆಚ್ಚು ತಿಂದಿದ್ದೆ. ಅವನ ಮೇಲಿನ ಹೇಸಿಗೆಗೆ ಬೇಕಾದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಇದಕ್ಕೆ ಹಾಕುವ ಬಾಗಿಲಿರಲಿಲ್ಲ.

ರವಿವಾರ ಹಿರೇವಡ್ಡಟ್ಟಿಗೆ ಹೋದೆ. ನಾದಿನಿ ಪಡಸಾಲೆಯಲ್ಲಿ ಕೆಂಪು ಮೆಣಸಿನಕಾಯಿ ಸುರುವಿಕೊಂಡು ತೊಟ್ಟು ಮುರಿಯುತ್ತಿದ್ದಳು.

"ಏನ ಟೀಚರಮ್ಮ, ಖಬರಿಲ್ಲದ ಬಂದಿ? ಸಾಲಿ ಹುಡುಗರು ಓಡಿಸಿದ್ರೇನು?"

ನಾನೂ ಒಂದು ಮುಷ್ಟಿ ಕಾಯಿ ಎಳೆದುಕೊಂಡು ಕುಳಿತೆ. ತೊಟ್ಟು ಮುರಿಯುತ್ತ ಎಲ್ಲ ಹೇಳಿದೆ. ಡೈರಿಯ ಸಂಗತಿ, ಕವಿತೆ, ಧಾಟಿ. ಅವಳು ಕೈ ನಿಲ್ಲಿಸಲಿಲ್ಲ.

"ಹಾಡು ನೋಡೂಣು" ಎಂದಳು.

"ಬ್ಯಾಡ ಅಕ್ಕಾ."

"ಗದಗಿನ್ಯಾಗ ಹಾಡಿ ಬಂದಾಕಿಗೆ ನನ್ನ ಮುಂದ ಎಂಥಾ ನಾಚಿಕಿ? ಹಾಡು."

ಎರಡು ಸಾಲು ಹಾಡಿದೆ. ಅವಳ ಕೈ ನಿಂತಿತು.

"ಅವನ್ನ ಹುಗದ ಕುಣಿಗಿ ಹಾಕಿದ ಹೂವ ತಗದು ಮುಡಕೊಂಡ ಬಂದೀಯಲ್ಲ" ಎಂದಳು.

ನಾನು ಇನ್ನೊಂದು ಕಾಯಿ ಎತ್ತಿಕೊಂಡು ತೊಟ್ಟು ಮುರಿದೆ.

"ಆ ಮುದುಕಪ್ಪನ್ನ ನಾ ಬೈಯಂಗಿಲ್ಲ. ಅವಂಗ ಅಳಾಕ ಬರವಲ್ದು, ಕಡಾ ಒಯ್ದ. ನಿನಗೇನಾಗಿತ್ತು? ಆವತ್ತ ಗ್ವಾಡಿಗಿ ಆತಕೊಂಡ ಕುಂತಿ. ಅವಂಗ ಒಂದ ಮಾತ ಅಳಲಿಲ್ಲ. ನನ್ನ ಅಳು ಒಯ್ದು ಊರಿಗೆಲ್ಲ ಹಂಚಿ ಬಂದಿ."

ಕಣ್ಣು ಉರಿಯಿತು. ಮೆಣಸಿನಕಾಯಿಯ ಕೈ, ಒರೆಸಿಕೊಳ್ಳುವಂತೆಯೂ ಇರಲಿಲ್ಲ.

ನಾನು ಹೊರಡಲು ಎದ್ದಾಗ ಕೇಳಿದಳು. "ಆ ಕಾರ್ಯಕ್ರಮ ಎಂದೈತಿ?"

"ಮುಂದಿನ ರವಿವಾರ, ಮುಂಜಾನೆ."

"ನಾನೂ ಬರ್ತೀನಿ. ನನ್ನ ತಮ್ಮನ್ನ ಹ್ಯಾಂಗ ಮಾರ್ತಾರ ನೋಡೂಣು. ಆ ಹಾಡು ಶುರು ಆತಂದ್ರ ಎದ್ದ ನಿಂತು, ಇದು ಯಾರ ಹೆಣದ ಮುಂದ ಅತ್ತಿದ್ದು ಅಂತ ಅಷ್ಟೂ ಮಂದಿಗೆ ಹೇಳಾಕಿ ನಾನು."

ಅವಳು ಹೇಳಿದರೆ ಮಾಡುವವಳು. ಅವಳು ಎದ್ದು ಕೂಗಿದರೆ ಕವಿಗಳ ಮರ್ಯಾದೆ ಹೋಗುತ್ತದೆಂದು ನನಗೆ ಚಿಂತೆಯಿರಲಿಲ್ಲ. ತಮ್ಮನಿಗಾಗಿ ಹೊಟ್ಟೆಯಿಂದ ಬಂದ ಮಾತು, ಕುರ್ಚಿಯ ಮೇಲೆ ಕೂತ ನೂರು ಜನರ ಮುಂದೆ ಜಗಳದ ಮಾತಾಗಿ ಮತ್ತೊಮ್ಮೆ ಬರಬಾರದು. ಅಷ್ಟಾದರೂ ತಡೆಯಬೇಕು ಎಂದು ಬಸ್ಸಿನಲ್ಲೇ ಗಟ್ಟಿಮಾಡಿಕೊಂಡೆ.

ಸೋಮವಾರ ಅರ್ಧ ದಿನದ ರಜೆ ಹಾಕಿ ಗದಗಿಗೆ, ಕವಿಗಳ ಮನೆಗೆ ಹೋದೆ.

"ಸರ್, ಐದನೇದ್ದು ಬಿಡ್ರಿ. ಅದು ನಮ್ಮ ಅಕ್ಕ ಅತ್ತಿದ್ದು."

ಅವರು ಗಾಬರಿಯಾಗಲಿಲ್ಲ. "ಪುಸ್ತಕದಾಗ ಅಚ್ಚಾಗೇತಿ. ಓದಿದಾವ್ರೆಲ್ಲ ಅದ ಒಂದ ಮೆಚ್ಚ್ಯಾರ. ಜನಪದ ಯಾರ ಮನಿ ಆಸ್ತಿ ಅಲ್ರಿ ಟೀಚರ್. ಮತ್ತ ನೀವ ಹೇಳಿದ್ರಿ, ನಾ ಬರಕೊಂಡೆ. ಕದ್ದೇನೇನು?"

"ಇಲ್ರಿ. ನಾನ ಕೊಟ್ಟೆ."

ಆಮೇಲೆ ಅವರ ದನಿ ಬೇರೆಯಾಯಿತು. "ಆಕಿ ಹ್ವಾದಾಗ ನನಗ ಒಂದ ಮಾತ ಬರ್ಲಿಲ್ರಿ. ಇಷ್ಟ ವರ್ಷ ಪಾಠ ಮಾಡಿದ ಬಾಯಿ ಇದು. ಒಂದ ಮಾತ ಬರ್ಲಿಲ್ಲ."

ಆ ಒಂದು ಗಳಿಗೆ ನಾವಿಬ್ಬರೂ ಒಂದೇ ಗೋಡೆಗೆ ಒರಗಿ ಕುಳಿತವರು ಅನ್ನಿಸಿತು. ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮುಂದಕ್ಕೆ ಬಾಗಿ, "ಶಬ್ದ ಬೇಕಾದ್ರ ಒಂದೆರಡು ತಿದ್ದೂಣು. ಆದರ ಧಾಟಿ ಮಾತ್ರ ತಗೀಬ್ಯಾಡ್ರಿ. ಇಡೀ ಕಾರ್ಯಕ್ರಮದ ಜೀವ ಅದ" ಎಂದರು. ನಾನು ಎದ್ದು ನಿಂತೆ.

"ಧಾಟಿ ನಂದಲ್ರಿ ಸರ್. ಕೊಡಾಕ ಬರಂಗಿಲ್ಲ. ಮೊದಲಿನ ನಾಕು ಇಟಗೋರಿ, ನನ್ನ ಹೆಸರ ಹೇಳಬ್ಯಾಡ್ರಿ. ಉಳದದ್ದು ಬ್ಯಾರೆಯಾವ್ರ ಕಡಿಂದ ಮಾಡಿಸ್ರಿ."

"ಹಿಂಗ ನಡು ನೀರಾಗ ಕೈ ಬಿಟ್ರ ಹ್ಯಾಂಗ?" ಎಂದು ಬಾಗಿಲ ತನಕ ಬಂದರು. ನಾನು ತಿರುಗಲಿಲ್ಲ.

ಅಲ್ಲಿಂದ ಸೀದಾ ಬೆಟಗೇರಿ. ಕೆಳಗೆ ಯಂತ್ರ ತಿರುಗುತ್ತಿತ್ತು. ಸ್ಟುಡಿಯೋದ ಮಾಲೀಕನಿಗೆ ಆ ಹಾಡು ಅಳಿಸಿಬಿಡಿ ಎಂದೆ.

"ಐದರಾಗ ಅದ ಒಂದ ಚೊಲೋ ಆಗಿತ್ತಲ್ರಿ ಅಕ್ಕಾರ."

"ಅದಕ್ಕ ಅಳಸ್ರಿ."

"ಕವಿಗಳು ಕೇಳಿದ್ರ?"

"ನಾ ಅಳಿಸೀನಿ ಅಂತ ಹೇಳ್ರಿ."

ಅವನು ಹುಡುಕಿ ತೆಗೆದ. ಖಂಡಿತ ಅಳಿಸಬೇಕೇ ಎಂದು ಪರದೆ ಕೇಳಿತು. ಅವನು ಮೌಸನ್ನು ನನ್ನ ಕಡೆಗೆ ಸರಿಸಿದ. "ನೀವ ಒತ್ರಿ. ನನ್ನ ಕಡಿಂದ ಆಗಂಗಿಲ್ಲ."

ಒತ್ತಿದೆ. ಫೋನಿನಲ್ಲಿದ್ದುದನ್ನೂ ಅಲ್ಲೇ ನಿಂತು ಅಳಿಸಿದೆ. ಆದರೆ ಮೆಟ್ಟಿಲು ಇಳಿಯುವಾಗ ಹೊಸ ಭಯ ಹಿಡಿಯಿತು. ಉಳಿದಿದ್ದುದು ಆರೇ ದಿನ, ಇನ್ನು ಹೊಸ ಧಾಟಿ ಕೂಡಿಸುವವನು ಈ ಮಾಲೀಕನೇ. ಕಿವಿಯಲ್ಲಿ ಉಳಿದುದನ್ನು ಅಳಿಸಿ ಎಂದು ಅವನಿಗೆ ಹೇಗೆ ಹೇಳುವುದು? ಹತ್ತು ತಿಂಗಳು ನನ್ನ ಕಿವಿಯಲ್ಲೇ ಅದು ನನಗೆ ತಿಳಿಯದ ಹಾಗೆ ಕುಳಿತಿತ್ತಲ್ಲ.

ಆ ರವಿವಾರ ನಾದಿನಿ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಬಂದಳು. ಗದಗಿನ ಸಭಾಭವನದಲ್ಲಿ ನಡುವಿನ ಸಾಲು ಹಿಡಿದು ಕುಳಿತೆವು. ಧಾಟಿ ತೆಗೆಸಿದ್ದೇನೆ ಎಂದು ಅವಳಿಗೆ ಹೇಳಿದ್ದೆ. "ಮಾತು?" ಎಂದು ಕೇಳಿದ್ದಳು. ಮಾತು ಹಾಗೇ ಇವೆ ಎಂದಿದ್ದೆ. "ಹಂಗಾರ ನಾ ಏಳಾಕಿ" ಎಂದಿದ್ದಳು.

ಭಾಷಣಗಳಾದವು. ಮೊದಲ ನಾಲ್ಕು ಹಾಡಾದವು. ಗಾಯಕಿ ಹೇಳಿಕೊಟ್ಟಲ್ಲೆಲ್ಲ ಬಿಕ್ಕಿದಳು. ನಾನು ತಲೆ ತಗ್ಗಿಸಿ ಕುಳಿತಿದ್ದೆ.

"ಈ ಮುದುಕಪ್ಪಗ ಹೆಂಡತಿಗಿಂತ ಚಂದ್ರನ ಚಿಂತಿ ಭಾಳ ಐತಿ" ಎಂದಳು ನಾದಿನಿ. ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿದರು.

ನಿರೂಪಕರು ಐದನೆಯದನ್ನು ಹೇಳಿದರು. ಈ ಕವಿತೆ ಬರೆದ ದಿನ ಕವಿಗಳು ಅನ್ನ ಮುಟ್ಟಲಿಲ್ಲ ಎಂದರು. ನಾದಿನಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎರಡೂ ಕೈ ಮುಂದಿನ ಕುರ್ಚಿಯ ಬೆನ್ನಿನ ಮೇಲಿಟ್ಟಳು. ನಾನು ಅವಳ ಕೈ ಹಿಡಿಯಲಿಲ್ಲ. ಹಿಡಿಯುವ ಹಕ್ಕು ನನಗಿರಲಿಲ್ಲ.

ಕೀಬೋರ್ಡಿನ ಶಹನಾಯಿ ಶುರುವಾಯಿತು. ಶಿವರಂಜನಿ. ಕೇರವಾ ಠೇಕಾ ಕುಣಿಯುತ್ತ ಬಂತು. ನಾದಿದ ಹಿಟ್ಟು ಬಂತು, ಬಾಗಿಲಲಿ ನಿಂತವರು ಬಂದರು, ಯಾವ ತಾಳ ಎಂಬುದೂ ಬಂತು. ಮಾಲೀಕ ನನ್ನ ಒಂದು ಸ್ವರವನ್ನೂ ಮುಟ್ಟಿರಲಿಲ್ಲ. ನಾದಿನಿ ಅರ್ಧ ಎದ್ದಿದ್ದವಳು ಹಾಗೆಯೇ ನಿಂತು, ಕಿವಿ ವಾರೆ ಮಾಡಿ ಕೇಳಿದಳು. ಕೆಳಗೆ ಕುಳಿತಳು.

"ಇದ ಅದೇನು?"

"ಅದ ಅಕ್ಕಾ."

ಗಾಯಕಿ ಮೊದಲ ಸಾಲಿಗೆ ತಿರುಗಿ ಬಂದಳು. ಜನ ತಲೆದೂಗುತ್ತಿದ್ದರು. ವೇದಿಕೆಯ ಮೇಲೆ ಕವಿಗಳು ಕರವಸ್ತ್ರ ತೆಗೆದರು. ನಾದಿನಿ ಇನ್ನೊಮ್ಮೆ ಪೂರ್ತಿ ಕೇಳಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಇಲ್ಲ ಬಿಡು" ಎಂದಳು. "ಇದರಾಗ ನನ್ನ ತಮ್ಮ ಇಲ್ಲ. ಏಳು, ಹೋಗೂಣು."

ಎದ್ದೆವು. ಒಳ್ಳೆಯ ಹಾಡಿನ ನಡುವೆ ಎದ್ದು ಹೋಗುವ ಇಬ್ಬರು ಹೆಂಗಸರಿಗೆ ಸಾಲಿನಲ್ಲಿದ್ದವರು ಬೇಸರ ಮಾಡಿಕೊಂಡು, ಮೊಣಕಾಲು ಸರಿಸಿ ದಾರಿ ಬಿಟ್ಟರು.